ಪೈಪಣ್ಣನ ಬೆನ್ನಿನ ಸಿಡಿ

ಬೆನ್ನುನೋವನ್ನು ಪೈಪಣ್ಣ ಎರಡು ತಿಂಗಳು ಯಾರಿಗೂ ಹೇಳದೆ ಸಹಿಸಿಕೊಂಡಿದ್ದ. ಆದರೆ ಆ ಬೆನ್ನಿನ ಸಿಡಿ ಕೈಗೆ ಬಂದ ಮೇಲೆ ಎರಡು ಗಂಟೆ ಕೂಡ ಸಹಿಸಿಕೊಳ್ಳಲು ಆಗಲಿಲ್ಲ.

ಬೆಳಿಗ್ಗೆ ಆಫೀಸಿಗೆ ಬರುವ ದಾರಿಯಲ್ಲಿ ಸ್ಕ್ಯಾನಿಂಗ್ ಸೆಂಟರಿನವರು ಅವನ ಹೆಸರು ಬರೆದ ಲಕೋಟೆಯಲ್ಲಿ ಸಿಡಿ ಹಾಕಿ ಕೈಗಿಟ್ಟು, "ವರದಿ ಸೋಮವಾರ ಬರುತ್ತೆ. ನಿಮ್ಮ ಡಾಕ್ಟ್ರೂ ಊರಲ್ಲಿಲ್ಲ, ಅವ್ರೂ ಸೋಮವಾರಾನೇ" ಅಂದಿದ್ದರು. ಅಂದು ಗುರುವಾರ. ನಾಲ್ಕು ದಿನ ಮನೆಯಲ್ಲಿ ಆ ಲಕೋಟೆಯ ಮುಖ ನೋಡುತ್ತ ಕೂರುವುದು ಹೇಗೆ? ಮನೆಯಲ್ಲಿ ನೋಡಲು ಬೇರೆ ಮುಖವೂ ಇರಲಿಲ್ಲ. ಹಿಂದಿನ ದಿನ ಸ್ಕ್ಯಾನಿಗೆ ಹೋದಾಗ ಫಾರಮ್ಮಿನಲ್ಲಿ 'ಜೊತೆಗೆ ಬಂದವರು' ಎಂಬ ಕಡೆ ಏನು ಬರೆಯುವುದೆಂದು ಹೊಳೆಯದೆ, ತನ್ನದೇ ಹೆಸರನ್ನು ಇನ್ನೊಮ್ಮೆ ಬರೆದು ಕೊಟ್ಟಿದ್ದ.

ಪೈಪಣ್ಣ ಎಂಬುದು ಆಫೀಸಿನವರಿಟ್ಟ ಹೆಸರು. ನೀರು ಸರಬರಾಜು ಆಫೀಸಿನ ನಕ್ಷೆ ವಿಭಾಗದಲ್ಲಿ ಇದ್ದವನು ಅವನೊಬ್ಬನೇ. ಯಾವ ರಸ್ತೆಯ ಅಡಿಯಲ್ಲಿ ಯಾವ ಪೈಪು ಹೋಗುತ್ತದೆ ಎಂದು ಅವನಿಗೆ ಗೊತ್ತಿದ್ದಷ್ಟು ಆ ಪೈಪಿನೊಳಗಿನ ನೀರಿಗೂ ಗೊತ್ತಿರಲಿಲ್ಲ. ನಕ್ಷೆಯ ಪ್ರೋಗ್ರಾಮು ಇಪ್ಪತ್ತು ವರ್ಷ ಹಳೆಯದು. ಹೊಸ ಕಂಪ್ಯೂಟರಿನಲ್ಲಿ ಜಪ್ಪಯ್ಯ ಎಂದರೂ ತೆರೆಯುತ್ತಿರಲಿಲ್ಲ. ಅದಕ್ಕೇ ಹೊಸ ಕಂಪ್ಯೂಟರಿನೊಳಗೆ ಒಂದು ಹಳೆಯ ಕಂಪ್ಯೂಟರನ್ನು, ಮನೆಯೊಳಗೆ ಒಂದು ಕೋಣೆ ಬಾಡಿಗೆಗೆ ಬಿಟ್ಟ ಹಾಗೆ, ಕೂರಿಸಿದ್ದರು. ಅದನ್ನು ವರ್ಚುವಲ್ ಮೆಷಿನ್ ಅನ್ನುತ್ತಾರೆ. ಪೈಪಣ್ಣ 'ಒಳಗಿನದು' ಅನ್ನುತ್ತಿದ್ದ. ಬೆಳಿಗ್ಗೆ ಬಂದು ಒಳಗಿನದರೊಳಗೆ ಹೊಕ್ಕರೆ ಸಂಜೆ ಐದಕ್ಕೇ ಹೊರಗೆ.

ಸಿಡಿಯಲ್ಲಿನ ಚಿತ್ರ ತೋರಿಸುವ ಪ್ರೋಗ್ರಾಮು ಕೂಡ ಅದೇ ಕಾಲದ್ದು. ಒಳಗಿನದರಲ್ಲಿ ಮಾತ್ರ ತೆರೆಯುತ್ತದೆ. ಆದರೆ ಕಂಪ್ಯೂಟರಿಗೆ ಸಿಡಿ ಹಾಕುವ ಬಾಯಿಯೇ ಇಲ್ಲ. ಆಫೀಸಿಗೆಲ್ಲ ಇದ್ದ ಒಂದೇ ಒಂದು ಹೊರಗಿನಿಂದ ಸಿಕ್ಕಿಸುವ ಡ್ರೈವ್ ಸಾಹೇಬರ ಬೀರುವಿನಲ್ಲಿತ್ತು.

"ಡ್ರೈವ್ ಯಾಕ್ರೀ?" ಸಾಹೇಬರು ಕೇಳಿದರು.

"ಒಂದು ಸಿಡಿ ನೋಡ್ಬೇಕಿತ್ತು ಸಾರ್."

"ಯಾವ ಸಿಡಿ?"

ಪೈಪಣ್ಣನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ನಿಜ ಹೇಳಿಯೂ ಅಭ್ಯಾಸವಿರಲಿಲ್ಲ. ಯಾರಾದರೂ ಕೇಳಿದ್ದರೆ ತಾನೆ? "ಬೆನ್ನಿಂದು ಸಾರ್. ಸ್ಕ್ಯಾನು."

"ಸ್ಕ್ಯಾನಾ!" ಎಂದರು ಸಾಹೇಬರು. ಅವರ ದನಿಗೆ ಗೋಡೆ ಲೆಕ್ಕಕ್ಕಿಲ್ಲ.

ಆಚೆ ಕಿಟಕಿಯಲ್ಲಿ ನೀರು ಬಾರದವರ ದೂರು ಬರೆದುಕೊಳ್ಳುತ್ತಿದ್ದ ದೂರಿನಕ್ಕನ ಕಿವಿ ನೆಟ್ಟಗಾಯಿತು. ಹತ್ತೂವರೆಗೇ 'ಊಟದ ವಿರಾಮ' ಬೋರ್ಡು ನೇತುಹಾಕಿ ಎದ್ದು ಬಂದಳು. ಅವಳ ಹಿಂದೆಯೇ ಮೀಟರ್ ಮಾವ. ಊರಿನ ಮೀಟರುಗಳನ್ನು ಓದಿ ಓದಿ, ಕಂಡದ್ದನ್ನೆಲ್ಲ ಓದಬಲ್ಲೆ ಎಂಬ ಧೈರ್ಯ ಬಂದಿದ್ದ ಮನುಷ್ಯ. ಸಾಹೇಬರಂತೂ ತಮ್ಮ ಡ್ರೈವನ್ನು ಒಂಟಿಯಾಗಿ ಎಲ್ಲಿಗೂ ಕಳಿಸುವವರಲ್ಲ. ಪೈಪಣ್ಣನ ಮೂಲೆಗೆ ಮೂವರು ಒಟ್ಟಿಗೆ ಬಂದದ್ದು ಹನ್ನೊಂದು ವರ್ಷದಲ್ಲಿ ಅದೇ ಮೊದಲು. ಕೂರಿಸಲು ಕುರ್ಚಿಗಳಿರಲಿಲ್ಲ.

ಡ್ರೈವ್ ಸಿಕ್ಕಿಸಿದ ಕೂಡಲೇ ಹೊರಗಿನ ಕಂಪ್ಯೂಟರು ಅದನ್ನು ಗಬಕ್ಕನೆ ಹಿಡಿದುಕೊಂಡಿತು. ಒಳಗಿನದು 'ಸಿಡಿ ಇಲ್ಲ' ಎಂದಿತು.

"ಇದೆಯಲ್ರೀ, ಕಣ್ಣಿಗೇ ಕಾಣ್ತಿದೆ!" ಎಂದ ಮೀಟರ್ ಮಾವ.

"ಮಾಲೀಕ ಹಿಡ್ಕೊಂಡಿದ್ದಾನೆ ಮಾವ. ಬಾಡಿಗೆಯವನಿಗೆ ಬಂದ ಕಾಗದಾನ ಬಾಗಿಲಲ್ಲೇ ಒಡೆದು ಓದ್ತಿದ್ದಾನೆ. ಅವನು ಬಿಟ್ರೆ ಇವನಿಗೆ ಸಿಗೋದು."

ಪೈಪಣ್ಣ ಒಳಗಿನದಕ್ಕೆ ಏನೇನು ಕೊಡಬಹುದು ಎಂಬ ಪಟ್ಟಿ ತೆರೆದು ಡ್ರೈವಿನ ಹೆಸರಿಗೆ ಗುರುತು ಹಾಕಿದ. 'ಬಳಕೆಯಲ್ಲಿದೆ, ಕೊಡಲಾಗದು' ಎಂದು ಬಂತು. ಹೊರಗಿನ ಕಂಪ್ಯೂಟರಿನಲ್ಲಿ ತೆರೆದುಕೊಂಡಿದ್ದ ಕಿಟಕಿಗಳನ್ನೆಲ್ಲ ಮುಚ್ಚಿದ, ಹೊರಗಿನದರ ಹಿಡಿತ ಬಿಡಿಸಿದ, ಮತ್ತೆ ಗುರುತು ಹಾಕಿದ. ಹೊರಗಿನ ಪರದೆಯಿಂದ ಡ್ರೈವಿನ ಚಿತ್ರ ಮಾಯವಾಯಿತು.

"ಅಯ್ಯೋ, ನನ್ನ ಡ್ರೈವ್ ಎಲ್ಲಿ ಹೋಯ್ತು?" ಸಾಹೇಬರು ಮೇಜಿನ ಮೇಲಿದ್ದ ಡ್ರೈವನ್ನು ಎರಡೂ ಕೈಯಲ್ಲಿ ಅವಚಿಕೊಂಡರು.

"ಒಳಗೆ ಹೋಯ್ತು ಸಾರ್."

"ವಾಪಸ್ ಬರುತ್ತೆ ತಾನೆ?"

ಡ್ರೈವ್ ದಮ್ಮು ಹತ್ತಿದ ಮುದುಕನ ಹಾಗೆ ಗೊರ್‍ರೆಂದು ಎರಡು ಸುತ್ತು ತಿರುಗಿ ನಿಂತಿತು. ಕರೆಂಟು ಸಾಲುತ್ತಿಲ್ಲ. ಪೈಪಣ್ಣ ಮೇಜಿನ ಕೆಳಗೆ ನುಸುಳಿ ಹಿಂಬದಿಯ ತೂತಿಗೆ ಸಿಕ್ಕಿಸಿದ, ಅಷ್ಟರಲ್ಲಿ ಬೆನ್ನು ಹಿಡಿದುಕೊಂಡಿತು. ಬಗ್ಗಿದವನು ಏಳಲಾಗದೆ ಅಲ್ಲೇ ಉಳಿದ. ಮೂವರೂ ಸೇರಿ ಅವನನ್ನು ಹೊರಗೆಳೆದರು. ದೂರಿನಕ್ಕ ತನ್ನ ಕುರ್ಚಿಯ ಮೆತ್ತೆ ತಂದು ಅವನ ಸೊಂಟಕ್ಕೆ ಕೊಟ್ಟಳು.

"ಇಷ್ಟು ನೋವಿಟ್ಕೊಂಡು ಒಂದು ಮಾತೂ ಹೇಳ್ಲಿಲ್ವಲ್ಲ ನೀವು!" ಎಂದು ಭುಜದ ಮೇಲೆ ಕೈಯಿಟ್ಟಳು. ಆ ಕೈ ಎಷ್ಟು ಹೊತ್ತು ಇರುತ್ತದೋ ಎಂದು ಪೈಪಣ್ಣ ಅಲುಗಾಡದೆ ಕುಳಿತ.

ಈಗ ಒಳಗಿನ ಕಂಪ್ಯೂಟರಿನ ಪುಟ್ಟ ಚೌಕದಲ್ಲಿ ಬೂದುಬಣ್ಣದ ಚಿತ್ರ ಮೂಡಿತು. ಗೂಡ್ಸ್ ರೈಲಿನ ಡಬ್ಬಿಗಳ ಹಾಗೆ ಸಾಲಾಗಿ ಮೂಳೆಗಳು. ನಡುವೆ ಕರಿಯದೊಂದು ಚುಕ್ಕೆ.



"ನಮ್ಮ ಭಾವಮೈದುನಂದೂ ಹೀಗೇ ಇತ್ತು" ಎಂದ ಮೀಟರ್ ಮಾವ. ಭಾವಮೈದುನ ಆಮೇಲೆ ಏನಾದ ಎಂದು ಹೇಳಲಿಲ್ಲ. ಪರದೆಯ ಮೇಲೆ ಪೆನ್ನಿಟ್ಟು ಮೂಳೆ ಎಣಿಸಿದ. "ಮನುಷ್ಯನಿಗೆ ಸೊಂಟದಲ್ಲಿ ಐದು. ನಿಮ್ಗೆ ಏಳಿದೆ ಪೈಪಣ್ಣ! ಎರಡು ಜಾಸ್ತಿ ಬೆಳೆದಿದೆ. ನೋವು ಬರದೆ ಇನ್ನೇನು?"

ದೂರಿನಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡಳು. ಸಾಹೇಬರು ಅಲ್ಲೇ ನಿಂತು ಒಂದು ತಿಂಗಳ ರಜೆ ಮಂಜೂರು ಮಾಡಿದರು. "ಹೇಗೂ ನೀವಿರಲ್ಲ, ಕಿಟಕಿ ಪಕ್ಕದ ಈ ಜಾಗ ಖಾಲಿ ಬೀಳೋದು ಬೇಡ" ಎಂದು ಮೀಟರ್ ಮಾವ ಮಧ್ಯಾಹ್ನದೊಳಗೆ ತನ್ನ ಮೇಜನ್ನೇ ಅಲ್ಲಿಗೆ ಎಳೆದು ತಂದು, ಪೈಪಣ್ಣನ ಮೇಜನ್ನು ಕಡತದ ಬೀರುವಿನ ಸಂದಿಗೆ ತಳ್ಳಿದ. ಅಕ್ಕನ ಡಬ್ಬಿಯಲ್ಲಿ ಅರ್ಧ ಪಾಲು ಪೈಪಣ್ಣನಿಗೆ ಬಂತು. ಟೀ ಎರಡು ಸಲ ಬಂತು. ಆಸ್ಪತ್ರೆಯಲ್ಲಿ ಯಾವ ದಿನ ಯಾರು ಜೊತೆಗಿರುವುದು ಎಂದು ಮೂವರೂ ಪಾಳಿ ಹಾಕಿಕೊಂಡರು. ಪೈಪಣ್ಣನಿಗೆ ಹೆದರಿಕೆಯಾಗಿತ್ತು ನಿಜ. ಆದರೂ ಪಾಳಿಯ ಚೀಟಿಯನ್ನು ಅವನು ಮೂರು ಸಲ ಓದಿದ.

"ಪೂರ್ತಿ ನೋಡಿ ಮುಗಿಸೋಣ. ಚಿತ್ರ ದೊಡ್ಡದು ಮಾಡ್ರೀ" ಎಂದರು ಸಾಹೇಬರು, ಮೂರು ಗಂಟೆಯ ಹೊತ್ತಿಗೆ.

ಪೈಪಣ್ಣ ಚೌಕವನ್ನು ಇಡೀ ಪರದೆಗೆ ಹಿಗ್ಗಿಸಿ ಕೊನೆಯ ಚಿತ್ರಕ್ಕೆ ಹೋದ. ಡಬ್ಬಿಗಳ ಸಾಲು ಸೊಂಟದಲ್ಲಿ ನಿಲ್ಲಲಿಲ್ಲ. ಸಣ್ಣದಾಗುತ್ತ, ಇನ್ನೂ ಸಣ್ಣದಾಗುತ್ತ ಹೋಗಿ, ತುದಿಯಲ್ಲಿ ಮೇಲಕ್ಕೆ ಡೊಂಕಾಯಿತು.

ಸಾಹೇಬರು ಮೆಲ್ಲಗೆ ಬಗ್ಗಿ ಪೈಪಣ್ಣನ ಕುರ್ಚಿಯ ಹಿಂಭಾಗವನ್ನು ನೋಡಿದರು.

"ಬಾಲ!" ಎಂದಳು ದೂರಿನಕ್ಕ.

ಅಷ್ಟು ಹೊತ್ತು ಮರೆಯಾಗಿದ್ದ ಮೂಲೆಯ ಅಕ್ಷರಗಳೂ ಈಗ ಕಂಡವು. ಹೆಸರು: ಸಿಪಾಯಿ. ವಯಸ್ಸು: ಎಂಟು. ಜಾತಿ: ನಾಯಿ. ಕೆಳಗೆ ಮಾಲೀಕರ ಫೋನ್ ನಂಬರು. ಮನುಷ್ಯರ ಜೊತೆ ನಾಯಿಗಳನ್ನೂ ಸ್ಕ್ಯಾನ್ ಮಾಡುತ್ತಿದ್ದ ಸೆಂಟರಿನವರು ಲಕೋಟೆಗೆ ಸಿಡಿ ಹಾಕುವಾಗ ಅದಲುಬದಲು ಮಾಡಿದ್ದರು.

ದೂರಿನಕ್ಕನೇ ಫೋನ್ ಹಚ್ಚಿ ಎಲ್ಲರಿಗೂ ಕೇಳುವ ಹಾಗೆ ಇಟ್ಟಳು. ಅತ್ತಲಿಂದ ವಯಸ್ಸಾದ ಹೆಂಗಸಿನ ದನಿ.

"ಅಯ್ಯೋ, ಆ ಬೆನ್ನು ನಿಮ್ಮೋರದ್ದಾ! ಬೆಳಿಗ್ಗೆಯಿಂದ ಸೆಂಟರಿಗೆ ಫೋನ್ ಮಾಡ್ತಿದ್ದೀನಿ, ಎತ್ತೋರೇ ಇಲ್ಲ. ನಮ್ಮ ನಾಯಿ ಡಾಕ್ಟ್ರು ನೋಡಿದ ತಕ್ಷಣ ಹೇಳಿದ್ರು, ಇದು ಸಿಪಾಯಿ ಅಲ್ಲ ಅಂತ."

"ಮತ್ತೆ... ಬೆನ್ನು ಹೇಗಿದೆ ಅಂದ್ರು?" ಎಂದ ಪೈಪಣ್ಣ.

"ಏನೂ ಆಗಿಲ್ವಂತೆ. ಒಂದೇ ಕಡೆ ಕೂತು ಕೂತು ಹಿಡ್ಕೊಂಡಿದೆ ಅಷ್ಟೇ. ದಿನಕ್ಕೆ ಎರಡು ಸಲ ಯಾರಾದ್ರೂ ಹೊರಗೆ ಕರ್ಕೊಂಡು ಹೋಗಿ ಓಡಾಡ್ಸಬೇಕಂತೆ. ಮನೇಲಿ ಒಬ್ಬನ್ನೇ ಬಿಡಬಾರದು ಅಂದ್ರು."

ಪೈಪಣ್ಣ ತಲೆ ಎತ್ತಿ ಮೂವರನ್ನೂ ನೋಡಿದ. ಮೂವರೂ ಫೋನನ್ನೇ ನೋಡುತ್ತಿದ್ದರು.

"ಹಾಗಾದ್ರೆ ಆ ಕರೀ ಚುಕ್ಕೆ ಸಿಪಾಯಿದು!" ಎಂದಳು ದೂರಿನಕ್ಕ ಎದೆ ಹಿಡಿದುಕೊಂಡು. "ಅಮ್ಮಾ, ಅವನು ಊಟ ಮಾಡ್ತಾನಾ?"

"ಎಲ್ಲಿ ಮಾಡ್ತಾನೆ? ಎದ್ದು ನಿಲ್ಲೋಕೂ ಆಗ್ತಿಲ್ಲ. ಸಿಡಿ ಸಿಕ್ಕಿದ್ರೆ ಇವತ್ತೇ ಡಾಕ್ಟ್ರು ಆಪರೇಷನ್ ಮಾಡ್ತಾರಂತೆ..."

ಆಮೇಲೆ ಎಲ್ಲವೂ ಚಕಚಕನೆ ನಡೆಯಿತು. ದೂರಿನಕ್ಕ ಫೋನನ್ನು ಕಿವಿಗಿಟ್ಟುಕೊಂಡು ವಿಳಾಸ ಬರೆದುಕೊಂಡಳು. ಸಾಹೇಬರು ರಜೆಯ ಕಾಗದವನ್ನು ಹರಿದು ಕಾರಿನ ಕೀಲಿ ತೆಗೆದುಕೊಂಡರು. ಪೈಪಣ್ಣ ಒಳಗಿನದರಿಂದ ಡ್ರೈವ್ ಬಿಡಿಸಿ, ಸಿಡಿ ತೆಗೆದು ಕೊಟ್ಟ. ಒಂಟಿಯಾಗಿ ಬಿಟ್ಟು ಹೋಗಲು ಸಾಹೇಬರಿಗೆ ಮನಸ್ಸಾಗದೆ ಡ್ರೈವೂ ಹೊರಟಿತು. ದೂರಿನಕ್ಕ ಪೈಪಣ್ಣನ ಸೊಂಟದ ಹಿಂದಿನಿಂದ ಮೆತ್ತೆ ಎಳೆದುಕೊಂಡು, "ಪಾಪ, ಮೂಕ ಪ್ರಾಣಿ" ಎಂದಳು. ಮೀಟರ್ ಮಾವ ಆಸ್ಪತ್ರೆಯ ಪಾಳಿ ಚೀಟಿಯಲ್ಲಿ ಪೈಪಣ್ಣನ ಹೆಸರು ಹೊಡೆದು ಸಿಪಾಯಿಯದು ಬರೆದು ಜೇಬಿಗೆ ಹಾಕಿಕೊಂಡ. ಕಿಟಕಿ ಪಕ್ಕದ ಜಾಗ ಬಿಟ್ಟುಕೊಡುವ ಮಾತು ಮಾತ್ರ ಎತ್ತಲಿಲ್ಲ.

ಪೈಪಣ್ಣ ಕುಂಟುತ್ತ ಗೇಟಿನವರೆಗೆ ಬಂದ. "ಸಾರ್, ನನ್ನ ಸಿಡಿ ಆ ಅಮ್ಮನ ಹತ್ರ ಇದೆ. ನಾನೂ ಬರ್ತೀನಿ."

ಸಾಹೇಬರು ಕಾರಿನ ಹಿಂದಿನ ಸೀಟು ತೋರಿಸಿದರು. ಅರ್ಧಕ್ಕೆ ಅಕ್ಕ, ಮಾವ. ಉಳಿದರ್ಧಕ್ಕೆ ಸಿಪಾಯಿಗಾಗಿ ಮೆತ್ತೆ ಹಾಸಿತ್ತು. ಮುಂದಿನ ಸೀಟಿನಲ್ಲಿ ಡ್ರೈವ್ ಕುಳಿತಿತ್ತು.

"ಜಾಗ ಎಲ್ಲಿದೆ ಪೈಪಣ್ಣ? ನಡ್ಕೊಂಡು ಬನ್ನಿ, ಡಾಕ್ಟ್ರೇ ಹೇಳಿದ್ದಾರಲ್ಲ!" ಎಂದು ಮೀಟರ್ ಮಾವ ಗಾಜು ಏರಿಸಿದ.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಪೈಪಣ್ಣನಿಗೆ ಹೊಳೆಯಿತು: ವಿಳಾಸವನ್ನು ತನಗೆ ಯಾರೂ ಹೇಳಿರಲಿಲ್ಲ. ಆಮೇಲೆ, ಹೇಗೂ ಹೊರಗೆ ಬಂದದ್ದಾಯಿತಲ್ಲ ಎಂದು, ಆಫೀಸಿನ ಕಾಂಪೌಂಡನ್ನು ಮೆಲ್ಲಗೆ ಒಂದು ಸುತ್ತು ಹಾಕಿ ಗೇಟಿಗೆ ವಾಪಸ್ ಬಂದ. ದಿನಕ್ಕೆ ಎರಡು ಸಲ ಎಂದಿದ್ದರು. ಯಾರೂ ಬರುವ ಹಾಗೆ ಕಾಣದ್ದರಿಂದ, ತನ್ನನ್ನು ತಾನೇ ಕರೆದುಕೊಂಡು ಇನ್ನೊಂದು ಸುತ್ತು ಹೊರಟ.