ಮಾಮಾನ ಸೈಕಲ್ಲಿನ ಬೆನ್ನು

ನಮ್ಮ ಮಾಮಾ ತಾಳಿ ಕಟ್ಟುವ ಮುನ್ನ ಹೆಣ್ಣಿನ ವಯಸ್ಸಿನ ದಾಖಲೆ ಕೇಳಿದ ವರ. ಇಡೀ ವಿಜಯಪುರ ಜಿಲ್ಲೆಯಲ್ಲಿ ಇಂಥವರು ಇನ್ನೊಬ್ಬರಿದ್ದರೆ ತೋರಿಸಿ, ಬರೆಯುವುದನ್ನು ಇಲ್ಲಿಗೇ ನಿಲ್ಲಿಸುತ್ತೇನೆ!

ಅಕ್ಕನ ಗಂಡನನ್ನು ನಾವು ಮಾಮಾ ಎನ್ನುತ್ತೇವೆ. ಆಗ ಅವರು ಕೋರ್ಟಿಗೆ ಹೊಸದಾಗಿ ಸೇರಿದ ಗುಮಾಸ್ತರು. ಸಿದ್ಧೇಶ್ವರ ಗುಡಿಯ ಹತ್ತಿರದ ನಮ್ಮ ಮನೆಯ ಮುಂದೆ ಹಂದರ, ಕೈಯಲ್ಲಿ ಅಕ್ಷತೆ ಹಿಡಿದು ನಿಂತ ಜನ, ಮುಹೂರ್ತಕ್ಕೆ ಹತ್ತೇ ನಿಮಿಷ. ಬಾಸಿಂಗ ಕಟ್ಟಿಕೊಂಡ ವರಮಹಾಶಯರು, "ಹುಡುಗಿ ಸಾಲಿ ಸರ್ಟಿಫಿಕೇಟ್ ಒಮ್ಮೆ ನೋಡಬೇಕಲ್ರಿ" ಅಂದರು!

"ಮುಹೂರ್ತ ಮೀರ್ತೈತ್ರಿ" ಎಂದರು ಅಯ್ಯನವರು.

"ಮುಹೂರ್ತ ಮೀರಿದ್ರ ನಡೀತೈತ್ರಿ. ಕಾಯ್ದೆ ಮೀರಿದ್ರ ನಡ್ಯಂಗಿಲ್ಲ."

ಎರಡು ಜಡೆಯ ಕಾನ್ವೆಂಟ್ ಹುಡುಗಿಯಾಗಿದ್ದ ನಾನೇ ಒಳಗೋಡಿ, ಟ್ರಂಕು ತಡಕಿ ಅದನ್ನು ತಂದುಕೊಟ್ಟೆ. ಅವರು ಎರಡೂ ಬದಿ ಓದಿದರು. ಮಡಚಿ ಜೇಬಿಗಿಟ್ಟರು. ಆಮೇಲೆ ತಾಳಿ. ಅಕ್ಕ ಜೀವನವಿಡೀ ಹೇಳುತ್ತಿದ್ದಳು: "ಮೊದಲ ನನ್ನ ಸರ್ಟಿಫಿಕೇಟ್ ನೋಡ್ಯಾರ, ಮಾರಿ ನೋಡಿದ್ದು ಆಮ್ಯಾಲ!" ಅಂದಹಾಗೆ ಅದು ಏಳನೆಯ ಇಯತ್ತೆಯ ಸರ್ಟಿಫಿಕೇಟು. ಇಬ್ಬರಲ್ಲಿ ಒಬ್ಬಳನ್ನು ಮಾತ್ರ ಕಾನ್ವೆಂಟಿಗೆ ಕಳಿಸುವ ಶಕ್ತಿ ಅಪ್ಪನಿಗಿತ್ತು. ಅಕ್ಕ ನಗುತ್ತಲೇ ಸಾಲಿ ಬಿಟ್ಟಿದ್ದಳು.

ಮಾಮಾ ರಿಟೈರ್ ಆಗಿ ತಿಕೋಟಾದಲ್ಲಿ ದ್ರಾಕ್ಷಿ ತೋಟ ಮಾಡಿಕೊಂಡ ಮೇಲೂ ಕಾಯ್ದೆ ರಿಟೈರ್ ಆಗಲಿಲ್ಲ. ಬಸ್ಸಿನಲ್ಲಿ ಒಣದ್ರಾಕ್ಷಿಯ ಸಣ್ಣ ಚೀಲಕ್ಕೂ ಲಗೇಜ್ ಟಿಕೆಟ್ ಕೊಡಿ ಎಂದು ಕಂಡಕ್ಟರನ ಬೆನ್ನು ಹತ್ತುವರು. "ಅಜ್ಜಾರ, ಇಷ್ಟಕ್ಕ ಟಿಕೆಟ್ ಇರಂಗಿಲ್ರಿ" ಎಂದರೆ, "ಹಂಗಂತ ಬರದು ಕೊಡಪಾ" ಎನ್ನುವರು. ಬಸ್ಸಿನವರು ಬರೆದುಕೊಡುವುದುಂಟೆ? ಇವರು ಬಿಡುವುದುಂಟೆ?

ಇಂಥ ಲಾ-ಅಬೈಡಿಂಗ್ ಮನುಷ್ಯರ ಸೈಕಲ್ಲಿಗೆ, ನಂಬಿದರೆ ನಂಬಿ, ಒಂದೂ ರಿಫ್ಲೆಕ್ಟರ್ ಇರಲಿಲ್ಲ! ಹಿಂದೆ ಕೆಂಪಿಲ್ಲ, ಮುಂದೆ ಬಿಳಿಯಿಲ್ಲ, ಪೆಡಲಿಗೆ ಹಳದಿಯಿಲ್ಲ. ಪಂಪ್‌ಸೆಟ್ಟಿನ ತ್ರೀ-ಫೇಸ್ ಕರೆಂಟ್ ಬರುವುದು ಸಂಜೆ ಏಳಕ್ಕೆ. ಆ ಕತ್ತಲಲ್ಲಿ ಎಪ್ಪತ್ತಾರರ ಮಾಮಾ ವಿಜಯಪುರದ ರಸ್ತೆ ಹಿಡಿದು ತೋಟಕ್ಕೆ ಹೊರಡುವರು. ಅದೇ ರಸ್ತೆಯಲ್ಲಿ ಲಾರಿ, ಟೆಂಪೋ, ಕಬ್ಬಿನ ಟ್ರ್ಯಾಕ್ಟರು. ಮಾಮಾ ವಾಪಸ್ ಬರುವವರೆಗೆ ಸೊಸೆ ಶೋಭಾ ರೊಟ್ಟಿ ತಟ್ಟುತ್ತಲೇ ಇರುವಳು. ತಿನ್ನುವವರು ನಾಲ್ಕು ಜನ, ರೊಟ್ಟಿ ನಲವತ್ತು! ಭಯಕ್ಕೆ ಕೈ ನಿಲ್ಲುತ್ತಿರಲಿಲ್ಲ ಪಾಪ.

ನಾನು ಪ್ರತಿ ಶನಿವಾರ ವಿಜಯಪುರದಿಂದ ಅಲ್ಲಿಗೆ ಹೋಗುತ್ತೇನೆ. ಒಮ್ಮೆ ಕೇಳಿಯೇಬಿಟ್ಟೆ. "ಮಾಮಾ, ಇದು ಇಲ್ಲೀಗಲ್ ಅಲ್ಲೇನ್ರಿ?"

"ಕೇಳ್ ಬೇ, ಕಾನ್ವೆಂಟ್." ಮದುವೆಯ ದಿನದಿಂದಲೂ ನನ್ನ ಹೆಸರು ಅವರ ಬಾಯಲ್ಲಿ ಇದೇ. "ಒಂದು, ಆ ನಿಯಮ ಸೈಕಲ್ ಮಾರಾವರಿಗೆ ಐತಿ, ತುಳಿಯಾವರಿಗಿಲ್ಲ. ಎರಡು, ನನ್ನ ಸೈಕಲ್ ಆ ನಿಯಮಕ್ಕಿಂತ ಹಿರೇದು. ಹುಟ್ಟಿದ ಮ್ಯಾಲ ಬಂದ ಕಾಯ್ದೆ ಅದಕ್ಕ ಹತ್ತಂಗಿಲ್ಲ. ಮೂರು, ನನಗ ಕಣ್ಣು ಚಲೋ ಕಾಣ್ತಾವ."

"ನಿಮಗ ಕಾಣಾಕಲ್ರಿ ಅದು! ನೀವು ಮಂದಿಗೆ ಕಾಣಾಕ!"

"ಅದು ಮಂದಿ ಸಮಸ್ಯಾ."

ಬೆಂಚ್ ಕ್ಲರ್ಕ್ ಆಗಿ ಮೂವತ್ತು ವರ್ಷ ವಕೀಲರ ವಾದ ಕೇಳಿದವರ ಜೊತೆ ನನ್ನಂಥ ಇಂಗ್ಲಿಷ್ ಟೀಚರ್ ಏನು ವಾದಿಸಿಯಾಳು? ಕೇಸ್ ಡಿಸ್ಮಿಸ್ಡ್.

ಆಮೇಲೆ ಟ್ರ್ಯಾಕ್ಟರಿನ ಪ್ರಕರಣ. ಸಾರವಾಡದ ಡ್ರೈವರೊಬ್ಬ ಕಬ್ಬು ಹೇರಿಕೊಂಡು ಬರುತ್ತಿದ್ದಾಗ ಎದುರಿಗೆ ಬರೀ ಒಂದು ಬಿಳಿ ಧೋತರ ನೆಲ ಮುಟ್ಟದೆ ತೇಲುತ್ತ ಬಂತಂತೆ. ಆತ ಬ್ರೇಕ್ ಹಾಕಿ, ಕೆಳಗಿಳಿದು, ಚಪ್ಪಲಿ ಬಿಟ್ಟು ಕೈಮುಗಿದು ನಿಂತ. ಧೋತರ ಟ್ರಾಲಿಗೆ ಒಂದು ಸುತ್ತು ಹಾಕಿ ಬಂದು ಮಾತಾಡಿತು: "ನಿನ್ನ ಟ್ರಾಲಿಗೆ ಹಿಂದ ರೇಡಿಯಂ ಎಲ್ಲೈತಲೇ?"

ರಿಫ್ಲೆಕ್ಟರಿಗೆ ನಮ್ಮಲ್ಲಿ ರೇಡಿಯಂ ಎನ್ನುತ್ತಾರೆ. ನಮಗೆ ಸೈನ್ಸ್ ಕಲಿಸಿದ ಸಿಸ್ಟರ್ ಕೇಳಿದ್ದರೆ ಮೂರ್ಛೆ ಹೋಗುತ್ತಿದ್ದರು! ಮಾಮಾ ಆ ಬಡಪಾಯಿಯನ್ನು ತಿಕೋಟಾ ಸ್ಟ್ಯಾಂಡಿನ ಹತ್ತಿರದ ರಾಜೇಸಾಬನ ಅಂಗಡಿಗೆ ಟ್ರ್ಯಾಕ್ಟರ್ ಸಮೇತ ಕರೆತಂದು, ಎದುರಿಗೆ ನಿಂತು, ಟ್ರಾಲಿಗೆ ಕೆಂಪು ಪಟ್ಟಿ ಹಚ್ಚಿಸಿದರು. ರಾಜೇಸಾಬ ಸೈಕಲ್ ರಿಪೇರಿಯನ್ನೂ ಮಾಡುತ್ತಾನೆ, ರೇಡಿಯಂ ಸ್ಟಿಕ್ಕರನ್ನೂ ಕತ್ತರಿಸುತ್ತಾನೆ. ಮೆಲ್ಲಗೆ ಕೇಳಿದನಂತೆ: "ಸಾಹೇಬ್ರ, ನಿಮ್ಮ ಸೈಕಲ್ಲಿಗೂ ಒಂದು ತುಣುಕು ಅಂಟಸ್ಲೇನ್ರಿ?"

"ಟ್ರಾಲಿದು ಬ್ಯಾರೆ ಸೆಕ್ಷನ್ನು" ಎಂದು ಮಾಮಾ ಆ ಕತ್ತಲಲ್ಲೇ ಮಾಯವಾದರು.

ಶೋಭಾ ಫೋನಿನಲ್ಲಿ ಅತ್ತಳು. "ಸಣ್ಣತ್ತಿ, ಅಂವ ಬ್ರೇಕ್ ಹಾಕಿದ್ದಕ್ಕ ಉಳದಾರ್ರಿ. ಎಲ್ಲಾರೂ ಹಾಕ್ತಾರೇನ್ರಿ?"

ಆ ಪ್ರಶ್ನೆ ನನ್ನನ್ನು ರಾತ್ರಿಯಿಡೀ ಕಾಡಿತು. ಕಾಯ್ದೆ ಎಂದರೆ ದಂಡ, ಪೊಲೀಸು, ರಸೀತಿ ಎಂದೇ ಇಷ್ಟು ದಿನ ತಿಳಿದಿದ್ದೆ. ಆದರೆ ಆ ಪುಟ್ಟ ಕೆಂಪು ತುಣುಕು ಮಾಡುವ ಕೆಲಸವೇನು? ಹಿಂದೆ ಬರುತ್ತಿರುವ, ನನ್ನ ಹೆಸರೂ ಗೊತ್ತಿಲ್ಲದ ಒಬ್ಬ ಮನುಷ್ಯನಿಗೆ, 'ಅಪ್ಪಾ, ನಾನಿಲ್ಲಿದ್ದೇನೆ' ಎಂದು ಹೇಳುತ್ತದೆ. ಅಷ್ಟೆ. ಅದನ್ನು ಹೇಳದೆ ಹೋದರೆ ಸಾಯುವವರು ನಾವು ನಿಜ. ಆದರೆ ಜೀವನವಿಡೀ ನಿದ್ದೆಗೆಡುವವನು ಆ ಡ್ರೈವರು! ಇದು ಬರೀ ನಮ್ಮ ಖಾಸಗಿ ವಿಷಯವೇ?

ಮರುಶನಿವಾರ ನಾನೂ ಶೋಭಾಳೂ ಕಾನ್ಸ್ಪಿರಸಿ ಮಾಡಿದೆವು. ಮಾಮಾ ಮಧ್ಯಾಹ್ನ ಮಲಗಿದಾಗ ಸೈಕಲ್ಲನ್ನು ರಾಜೇಸಾಬನ ಅಂಗಡಿಗೆ ತಳ್ಳಿಕೊಂಡು ಹೋದೆವು. ಹಿಂದಿನ ಮಡ್‌ಗಾರ್ಡಿನ ಮೇಲೆ ಹಳೆಯ ಬಿಳಿ ಬಣ್ಣ ಸಿಪ್ಪೆ ಎದ್ದಿತ್ತು. "ಇದರ ಮ್ಯಾಲ ರೇಡಿಯಂ ಹಿಡ್ಯಂಗಿಲ್ರಿ ಅಕ್ಕೋರ, ತಿಕ್ಕಿ ತಗೀಬೇಕು" ಎಂದ ರಾಜೇಸಾಬ.

"ತಗಿ" ಅಂದೆ. ಆ ಒಂದು ಪದವನ್ನು ವಾಪಸ್ ತೆಗೆದುಕೊಳ್ಳುವಂತಿದ್ದರೆ!

ಅರ್ಧ ಬಣ್ಣ ಪುಡಿಯಾಗಿ ಉದುರಿತ್ತು. ಆಗ ಮಾಮಾ ಬಂದರು. ಶೋಭಾ ನನ್ನ ಸೆರಗಿನ ಹಿಂದೆ ಸರಿದಳು. ನಾನು ಸೆಕ್ಷನ್ನುಗಳ ಮಳೆಗೆ ತಯಾರಾಗಿ ನಿಂತೆ. ಸೆಕ್ಷನ್ ಬರಲಿಲ್ಲ. ಅವರು ರಾಜೇಸಾಬನ ಸ್ಟೂಲಿನ ಮೇಲೆ ಕೂತು ಮಡ್‌ಗಾರ್ಡನ್ನೇ ನೋಡಿದರು.

"ಅದು ನಿಮ್ಮಕ್ಕ ಹಚ್ಚಿದ್ದು" ಎಂದರು.

ಆಗಿನ ಕಾಲದಲ್ಲಿ ಸೈಕಲ್ಲಿನ ಹಿಂದೆ ಬಿಳಿ ಪಟ್ಟಿ ಇಲ್ಲದಿದ್ದರೆ ಪೊಲೀಸರು ಹಿಡಿಯುತ್ತಿದ್ದರು. ಕೋರ್ಟಿನವರ ಸೈಕಲ್ಲು ಸಿಕ್ಕಿಬೀಳಬಾರದೆಂದು ಅಕ್ಕ ಪ್ರತಿ ದಸರಾಕ್ಕೆ, ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ, ಮುನ್ನಾದಿನ, ಕಿಟಕಿಗೆ ಹಚ್ಚಿ ಉಳಿದ ಬಣ್ಣದಿಂದ ಆ ಪಟ್ಟಿ ಬಳಿಯುತ್ತಿದ್ದಳು. ಪೊಲೀಸರು ಮರೆತರು, ಅಕ್ಕ ಮರೆಯಲಿಲ್ಲ. ಮೂರು ವರ್ಷದ ಹಿಂದಿನ ದಸರಾದಲ್ಲಿ ಸೈಕಲ್ಲನ್ನು ಮಂಚದ ಹತ್ತಿರ ತರಿಸಿಕೊಂಡು, ದಿಂಬಿಗೆ ಒರಗಿ ಹಚ್ಚಿದಳಂತೆ. ಕೈ ನಡುಗಿ ಪಟ್ಟಿ ವಾರೆಯಾಯಿತು. ದೀಪಾವಳಿಗೆ ಅವಳಿರಲಿಲ್ಲ.

"ಕೆಂಪು ಬಂದ್ರ ಬಿಳಿ ಯಾಕ ಬೇಕು ಅಂತೀರಿ ನೀವು" ಎಂದರು ಮಾಮಾ. ಮೂರು ಪಾಯಿಂಟುಗಳ ಹಿಂದೆ ಅಡಗಿ ಕೂತಿದ್ದ ನಾಲ್ಕನೆಯದು ಇದು.

ನೆಲಕ್ಕೆ ಬಿದ್ದ ಬಣ್ಣದ ಪುಡಿಯನ್ನು ಅಂಗೈಗೆ ಎತ್ತಿಕೊಂಡು ಕೇಳಿದೆ: "ಮಾಮಾ, ಅಕ್ಕ ಅದನ್ನ ಯಾರು ನೋಡ್ಲಿ ಅಂತ ಹಚ್ಚತಿದ್ಲು? ನೀವಂತೂ ಮುಂದ ಮಾರಿ ಮಾಡಿ ಕೂತಿರ್ತೀರಿ."

ಅವರು ಧೋತರದ ಚುಂಗಿನಿಂದ ಕನ್ನಡಕ ಒರೆಸಿದರು. ಮತ್ತೆ ಒರೆಸಿದರು.

"ಹಿಂದ ಬರಾವ್ರು ನೋಡ್ಲಿ ಅಂತ."

"ಈಗ ಹಿಂದ ಬರಾವ್ರು ಭಾಳ ಜೋರ್ ಬರ್ತಾರ್ರಿ. ಆಕಿ ಬಿಳಿ ಒಂದಕ್ಕ ಆಗವಲ್ದು. ಜೋಡಿಗೊಂದು ಇರ್ಲಿ."

ಮಾಮಾ ರಾಜೇಸಾಬನ ಕಡೆ ತಿರುಗಿದರು. "ಕೆಂಪು ಕ್ಯಾರಿಯರ್‌ಗೆ ಕೂಡ್ರಸಪಾ. ಮಡ್‌ಗಾರ್ಡ್ ಮುಟ್ಟಬ್ಯಾಡ. ಮತ್ತ ಬಿಲ್ ಕೊಡು." ಆಮೇಲೆ ಅಂಗಡಿಯ ಬಿಳಿ ಬಣ್ಣದ ಡಬ್ಬಿಯನ್ನೂ ಬ್ರಶ್ಶನ್ನೂ ನನ್ನ ಮುಂದಿಟ್ಟರು. "ನೀ ಹಚ್ಚು, ಕಾನ್ವೆಂಟ್. ಉಳದದ್ದು ಹಂಗ ಇರ್ಲಿ, ಹೋದದ್ದಷ್ಟು ತುಂಬು."

ಕೂತೆ. ನನ್ನದು ಸಿಸ್ಟರ್‌ಗಳು ತಿದ್ದಿದ ಕೈ. ಗೆರೆ ಎಳೆದರೆ ಸ್ಕೇಲಿಟ್ಟಂತಿರುತ್ತದೆ.

"ಸೀದಾ ಬ್ಯಾಡ ಬೇ. ಎಡಕ್ಕ ಸ್ವಲ್ಪ ಇಳೀಲಿ."

"ಇಷ್ಟು?"

"ಇನ್ನೊಂದೀಟು."

ಬ್ರಶ್ಶನ್ನು ಇನ್ನೊಂದೀಟು ಇಳಿಸಿದೆ. ಪಟ್ಟಿ ಸರಿಯಾಗಿ ವಾರೆಯಾಯಿತು.

ಅಂದು ಸಂಜೆ ಏಳರ ಬಸ್ಸಿಗೆ ವಿಜಯಪುರಕ್ಕೆ ಹೊರಟೆ. ಡ್ರೈವರನ ಹಿಂದಿನ ಸೀಟು. ಊರು ದಾಟಿ ದ್ರಾಕ್ಷಿ ತೋಟಗಳು ಶುರುವಾದಲ್ಲಿ, ದೂರದ ಕತ್ತಲಲ್ಲಿ ಒಂದು ಕೆಂಪು ಚುಕ್ಕೆ ಹೊತ್ತಿಕೊಂಡಿತು. ಹತ್ತಿರವಾದಂತೆ ಅದರ ಕೆಳಗೆ ಎಡಕ್ಕೆ ಇಳಿದ ಬಿಳಿ ಪಟ್ಟಿ.

"ಯಾರೋ ಅಜ್ಜಾರು ಹೊಂಟಾರ ನೋಡು" ಎಂದ ಡ್ರೈವರು ಕಂಡಕ್ಟರನಿಗೆ. ಬಸ್ಸಿನ ವೇಗ ಇಳಿಸಿ, ಸಾಕಷ್ಟು ದೂರ ಸರಿದು, ಅವರನ್ನು ದಾಟಿದ.