ಅಜ್ಜಿಯ ಹೆಬ್ಬೆಟ್ಟು, ನನ್ನ ಫೆಲೋಶಿಪ್ಪು

ಮೂಗಿನ ತುದಿಯಲ್ಲಿ ಸಿಟ್ಟು ಇರುವವರು ಇತಿಹಾಸದ ಸಂಶೋಧನೆಗೆ ಇಳಿಯಬಾರದು ಎಂದು ಯಾರಾದರೂ ನನಗೆ ಮೊದಲೇ ಹೇಳಬೇಕಿತ್ತು. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ, ಆ ಮಾತು ಬೇರೆ. ವಿಜ್ಞಾನದವರಿಗೆ ಧನಸಹಾಯ ಸಿಕ್ಕರೆ ಯಂತ್ರ ಕೊಳ್ಳುತ್ತಾರೆ. ಯಂತ್ರ ಎದುರು ಮಾತಾಡುವುದಿಲ್ಲ. ನಮಗೆ ಸಿಕ್ಕರೆ ಎಂಬತ್ತು ದಾಟಿದವರ ಜಗಲಿಯ ಮೇಲೆ ಹೋಗಿ ಕೂರುತ್ತೇವೆ. ಅವರು ಗಂಟೆಗಟ್ಟಲೆ ಮಾತಾಡುತ್ತಾರೆ, ನಾವು ಕೇಳಿದ್ದೊಂದನ್ನು ಬಿಟ್ಟು. ಇದರ ನಡುವೆ ನೆಂಟರ ಕಾಟ. ಮದುವೆ ಮನೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತರೆ ಸಾಕು, ಪಕ್ಕದವರು "ಇನ್ನೂ ಓದ್ತಾನೇ ಇದೀಯೇನೇ?" ಎನ್ನುತ್ತಾರೆ. ಫೆಲೋಶಿಪ್ ಬಂದಿದೆ ಎಂದರೆ, "ಹಿಸ್ಟರಿಗೂ ದುಡ್ಡು ಕೊಡ್ತಾರಾ?" ಎಂದು ಅನ್ನ ಕಲಸುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಾರೆ. ಆ ನೋಟದಲ್ಲಿ ನನ್ನ ಮೇಲಿನ ಕನಿಕರಕ್ಕಿಂತ ದುಡ್ಡು ಕೊಟ್ಟವರ ಮೇಲಿನ ಕನಿಕರವೇ ಹೆಚ್ಚು.

ಕೊಡುತ್ತಾರೆ, ಆದರೆ ಬಿಟ್ಟಿ ಕೊಡುವುದಿಲ್ಲ. ನನ್ನ ವಿಷಯ ಹಾರಂಗಿ ಜಲಾಶಯದಲ್ಲಿ ಮುಳುಗಿದ ಒಂದು ಊರಿನ ಕಥೆ. ಆ ಊರಿನಿಂದ ಎದ್ದು ಬಂದವರಲ್ಲಿ ಒಂಬತ್ತು ಮಂದಿ ಹಿರಿಯರು ಶಿರಂಗಾಲದ ಆಚೆ ಒಂದೇ ಬೀದಿಯಲ್ಲಿದ್ದಾರೆ. ಅವರ ನೆನಪುಗಳನ್ನು ಧ್ವನಿಮುದ್ರಿಸಿ ಪಿಎಚ್.ಡಿ. ಬರೆಯುತ್ತೇನೆಂದಾಗ ಬೆಂಗಳೂರಿನ ಒಂದು ಪ್ರತಿಷ್ಠಾನ ಒಪ್ಪಿತು. ಆದರೆ ಬೇರೆ ಕೆಲಸ ಮಾಡುವಂತಿಲ್ಲ ಎಂಬ ಷರತ್ತು ಹಾಕಿತು. ಕಾಲೇಜಿನ ಅತಿಥಿ ಉಪನ್ಯಾಸಕಿಯ ಕೆಲಸ ಬಿಟ್ಟೆ. ಮರುದಿನವೇ ನನ್ನ ಕುರ್ಚಿಯಲ್ಲಿ ಬೇರೊಬ್ಬರು ಕೂತರು. ಕುಶಾಲನಗರದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿರುವ ನನ್ನ ಗಂಡ, "ಒಂದು ವರ್ಷ ಹೆಂಗೋ ನೋಡ್ಕೊಳ್ಳಾಣ" ಎಂದರು. ಆ 'ಹೆಂಗೋ' ಎಂಬ ಮಾತಿನ ಮೇಲೆ ನಮ್ಮ ಸಂಸಾರ ನಡೆಯುತ್ತಿತ್ತು. ಎರಡನೇ ಕಂತು ಬರಬೇಕಾದರೆ ಒಂಬತ್ತೂ ಜನರ ಒಪ್ಪಿಗೆಯನ್ನು ಆ ತಿಂಗಳ ಕೊನೆಯ ಶನಿವಾರ ಸಂಜೆ ಐದರೊಳಗೆ ಪ್ರತಿಷ್ಠಾನದ ಪೋರ್ಟಲ್‌ಗೆ ಹಾಕಬೇಕು. ಇಲ್ಲವಾದರೆ ಫೆಲೋಶಿಪ್ ರದ್ದು. ಅದು ರದ್ದಾದರೆ ಸಂಶೋಧನೆಯೂ ಅಲ್ಲಿಗೇ ನಿಂತಂತೆ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಒಪ್ಪಿಗೆ ಪತ್ರವನ್ನು ನಾನೇ ಬರೆದೆ. ಬರೆದು ಮುಗಿಸಿದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ, ಅಷ್ಟು ಗಂಭೀರವಾಗಿತ್ತು ಭಾಷೆ. 'ಈ ಮೂಲಕ ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ಪೂರ್ಣ ಸಮ್ಮತಿಯಿಂದ ಬರೆದುಕೊಟ್ಟಿರುವುದೇನೆಂದರೆ' ಎಂದು ಶುರು. ಕೆಳಗೆ ಹೆಬ್ಬೆಟ್ಟಿನ ಗುರುತಿಗೆ ಒಂದು ಚೌಕ. ಅಷ್ಟಕ್ಕೇ ಬಿಡದೆ ವಿಶ್ವವಿದ್ಯಾಲಯಕ್ಕೆ ಹೋಗಿ ವಿಭಾಗದ ದುಂಡು ಮೊಹರನ್ನೂ ಒತ್ತಿಸಿಕೊಂಡು ಬಂದೆ. ಮೊಹರಿದ್ದರೆ ಹಿರಿಯರಿಗೆ ನಂಬಿಕೆ ಬರುತ್ತದೆ ಎಂದುಕೊಂಡಿದ್ದೆ. ಕಾಗದ ತೋರಿಸಿದ ಕೂಡಲೇ, ಅಲ್ಲಿಯವರೆಗೆ ನನಗೆ ಕಾಫಿ ಕೊಟ್ಟು, ಮೀನು ಹಿಡಿದ ಕಥೆಯನ್ನೂ ದೆವ್ವ ನೋಡಿದ ಕಥೆಯನ್ನೂ ಹೇಳಿದ್ದ ಎಂಟು ಮಂದಿ ಒಬ್ಬೊಬ್ಬರಾಗಿ ಎದ್ದು ಒಳಗೆ ಹೋದರು. ಕೊನೆಗೆ ಅವರೆಲ್ಲ ಸೇರಿ ಹೇಳಿಕಳಿಸಿದ್ದು ಒಂದೇ ಮಾತು: "ಪುಟ್ಟಮ್ಮ ಒತ್ತಿದ್ರೆ ನಾವೂ ಒತ್ತೀವಿ."

ನನಗೆ ಹೋದ ಜೀವ ಬಂದಂತಾಯಿತು. ಏಕೆಂದರೆ ಒಂಬತ್ತನೆಯವರಾದ ಪುಟ್ಟಮ್ಮ ನನ್ನ ತಾಯಿಯ ತಾಯಿ. ನನಗೆ ಎಣ್ಣೆ ಹಚ್ಚಿ ನೀರೆರೆದು ಬೆಳೆಸಿದ ಅಜ್ಜಿ, ಒಂದು ಹೆಬ್ಬೆಟ್ಟಿಗೆ ಇಲ್ಲ ಎನ್ನುತ್ತಾರೆಯೇ? ಕಾಗದ ಹಿಡಿದು ಓಡಿದೆ. ಓದು ಬಾರದ ಅಜ್ಜಿ, "ಅದೇನೈತೆ ಓದಿ ಹೇಳು" ಎಂದರು. ನಾನು ಸಮಾರಂಭದ ಭಾಷಣದ ಹಾಗೆ ಮೊದಲ ಸಾಲು ಓದಿದೆ. ಅಜ್ಜಿ ಕೈ ಎತ್ತಿ ನಿಲ್ಲಿಸಿದರು.

"ಸಾಕು ನಿಲ್ಸು. ಈ ಮಾತ ನಾನು ಕೇಳಿವ್ನಿ. ಅಣೆಕಟ್ಟೆಗೆ ಊರು ಬರೆಸ್ಕೊಳ್ಳೋವಾಗ ಆಲದ ಮರದ ಕೆಳಗೆ ಮೇಜು ಹಾಕ್ಕೊಂಡು ಒಬ್ಬ ಸಾಹೇಬ ಹಿಂಗೇ ಓದಿದ್ದ. ಸ್ವಇಚ್ಛೆ, ಒತ್ತಾಯ ಇಲ್ಲ, ಎಲ್ಲಾನೂವೆ. ನಿಮ್ಮಜ್ಜ ಪೂರ್ತಿ ಕೇಳ್ದೆ ಒತ್ತಿಬಿಟ್ರು. ಇದೇ ತರ ದುಂಡು ಸೀಲು ಕಣೇ. ಮಾತು ಎಷ್ಟು ಬೇಕಾದ್ರೂ ತಗೊ ಮಗ, ಹೆಬ್ಬೆಟ್ಟು ಮಾತ್ರ ಕೇಳ್ಬ್ಯಾಡ."

ನನ್ನ ಪ್ರಬಂಧದ ನಾಲ್ಕನೇ ಅಧ್ಯಾಯದ ಹೆಸರು 'ಓದದೆ ಒತ್ತಿದವರು'. ಊರಿನವರು ಕಾಗದದಲ್ಲಿ ಏನಿದೆಯೆಂದು ತಿಳಿಯದೆ ಹೇಗೆ ಗುರುತು ಒತ್ತಿಕೊಟ್ಟರು ಎಂಬುದನ್ನು ನಾನು ಅಲ್ಲಿ ಬಹಳ ಮರುಕದಿಂದ ಬರೆದಿದ್ದೇನೆ. ಅಂಥವಳು ಅದೇ ಜನರ ಮುಂದೆ ಅದೇ ಮಾತಿನ, ಅದೇ ದುಂಡು ಮೊಹರಿನ ಕಾಗದ ಹಿಡಿದು ನಿಂತಿದ್ದೆ. ಇದು ಆಗ ಹೊಳೆದಿದ್ದರೆ ನಾನು ಒಳ್ಳೆಯ ಸಂಶೋಧಕಿ ಎನ್ನಬಹುದಿತ್ತು. ಆಗ ನನಗೆ ಹೊಳೆದದ್ದು ಈ ಮುದುಕಿಗೆ ಹಟ ಜಾಸ್ತಿ ಎಂಬುದಷ್ಟೇ.

ಮೂರು ವಾರ ಬೆನ್ನು ಹತ್ತಿದೆ. ಅಜ್ಜಿಗೆ ಇಷ್ಟವಾದ ಮೈಸೂರು ಪಾಕ್ ಒಯ್ದೆ. ತಿಂದು, "ತುಪ್ಪ ಕಮ್ಮಿ" ಎಂದರು. ಅಮ್ಮನಿಂದ ಫೋನ್ ಮಾಡಿಸಿದೆ. ಅರ್ಧ ಗಂಟೆ ಮಾತಾಡಿದ ಮೇಲೆ ಅಮ್ಮನೇ ಅಜ್ಜಿಯ ಕಡೆ ಸೇರಿಕೊಂಡರು. ಅತ್ತು ನೋಡಿದೆ, ಅಜ್ಜಿ ಸೆರಗಿನಿಂದ ನನ್ನ ಮೂಗು ಒರೆಸಿ ಕಾಗದವನ್ನು ಮಡಚಿ ನನ್ನ ಬ್ಯಾಗಿಗೇ ಹಾಕಿದರು. ಸಂಶೋಧನೆಯ ಗೈಡ್ ಮೇಡಂ ದಿನಕ್ಕೊಮ್ಮೆ ಫೋನ್ ಮಾಡಿ, "ಏನಮ್ಮಾ, ಸೈನ್ ಆಯ್ತಾ? ಪೋರ್ಟಲ್ ಒಂದು ನಿಮಿಷಾನೂ ಕಾಯಲ್ಲ" ಎನ್ನುತ್ತಿದ್ದರು.

ಗುರುವಾರ ಮಧ್ಯಾಹ್ನ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆ. ಮನೆಯಲ್ಲಿ ಯಾರೂ ಇರಲಿಲ್ಲ. ಹಿರಿಯರಿಗಾಗಿ ಕೊಂಡಿದ್ದ ಮಸಿಯ ಪ್ಯಾಡ್ ತೆರೆದು, ಒಂದು ಹಳೆಯ ಕಾಗದದ ಮೇಲೆ ನನ್ನದೇ ಹೆಬ್ಬೆಟ್ಟು ಒತ್ತಿ ನೋಡಿದೆ. ನೀಲಿ ಗುರುತು ಸ್ಪಷ್ಟವಾಗಿ ಮೂಡಿತು. ಇದು ಪುಟ್ಟಮ್ಮನದಲ್ಲ ಎಂದು ಬೆಂಗಳೂರಿನಲ್ಲಿ ಯಾರು ಕಂಡುಹಿಡಿದಾರು? ಒಪ್ಪಿಗೆ ಪತ್ರವನ್ನು ಮುಂದೆ ಎಳೆದುಕೊಂಡೆ. ಬೆರಳು ಚೌಕದ ಮೇಲೆ ನಿಂತಿತು. ಎಷ್ಟು ಹೊತ್ತು ನಿಂತಿತೋ ಗೊತ್ತಿಲ್ಲ. ಆಮೇಲೆ ಎದ್ದು ಹೋಗಿ ಪಾತ್ರೆ ತೊಳೆಯುವ ಸೋಪಿನಲ್ಲಿ ಬೆರಳು ತಿಕ್ಕಿದೆ. ಮಸಿ ಸ್ವಲ್ಪವೂ ಬಿಡಲಿಲ್ಲ.

ಶನಿವಾರ ಒಂದು ಗಂಟೆಗೆ ಕೊನೆಯ ಸಲ ಅಜ್ಜಿಯ ಮನೆಗೆ ಹೋದೆ. ಅಜ್ಜಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಕೂತು ಒಂದು ಕಾಯಿ ಎತ್ತಿಕೊಂಡೆ. ಅಜ್ಜಿಯ ಕಣ್ಣು ನನ್ನ ಬೆರಳಿನ ಮೇಲೆ ಬಿತ್ತು.

"ಇದೇನೇ, ಹೆಬ್ಬೆಟ್ಟಿಗೆ ಮಸಿ?"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾಲ್ಕು ಕಾಯಿ ಸುಲಿದು ಮೊರಕ್ಕೆ ಹಾಕಿ ಕೇಳಿದರು, "ನಿಂಗೆ ದುಡ್ಡು ಕೊಡೋರು ನಿನ್ ತಾವ ಏನೂ ಬರಿಸ್ಕೊಳ್ಳಿಲ್ವಾ?"

"ಬರೆಸ್ಕೊಂಡಿದಾರೆ ಅಜ್ಜಿ. ಹನ್ನೊಂದು ಪುಟ. ಸೈನ್ ಹಾಕಿದೀನಿ."

"ಅದರಾಗೆ ಏನೈತೆ?"

"ಗೊತ್ತಿಲ್ಲ ಅಜ್ಜಿ" ಎಂದೆ. ಕರಾರು ಬಂದ ದಿನವೇ ಕಳುಹಿಸಲು ಕಡೆಯ ದಿನ. ಮೇಡಂ ಬೇರೆ ಅವಸರ ಮಾಡುತ್ತಿದ್ದರು. ಹನ್ನೊಂದು ಪುಟವೂ ಇಂಗ್ಲಿಷು. ಎಲ್ಲೆಲ್ಲಿ ಗೆರೆ ಎಳೆದಿತ್ತೋ ಅಲ್ಲೆಲ್ಲ ಸಹಿ ಹಾಕಿ ಕಳುಹಿಸಿದ್ದೆ.

"ಓದ್ಲಿಲ್ವಾ?" ಅಜ್ಜಿಯ ಕೈ ನಿಂತಿತು. "ಎರಡೆರಡು ಡಿಗ್ರಿ ಮಾಡ್ಕೊಂಡು, ಓದ್ದೆ ಹಾಕಿದ್ಯಾ? ನಿಮ್ಮಜ್ಜಂಗೆ ಅಕ್ಷರ ಬತ್ತಿರ್ಲಿಲ್ಲ. ನಿಂಗೇನಾಗಿತ್ತು ದೊಡ್ಡರೋಗ? ತೆಗಿ, ಈಗ ಓದು."

ಬ್ಯಾಗಿನಲ್ಲಿ ಪ್ರತಿ ಇತ್ತು. ಗಂಟೆ ಎರಡಾಗಿತ್ತು. ಒಂದೊಂದೇ ಸಾಲನ್ನು ಕನ್ನಡಕ್ಕೆ ತಂದು ಓದತೊಡಗಿದೆ. ಅಜ್ಜಿ ಪ್ರತಿ ಸಾಲಿಗೂ "ಅಂದ್ರೆ?" ಎನ್ನುತ್ತಿದ್ದರು. ಆ 'ಅಂದ್ರೆ'ಗೆ ಎಷ್ಟೋ ಕಡೆ ನನಗೇ ಉತ್ತರ ಗೊತ್ತಿರಲಿಲ್ಲ. ಮೊಬೈಲು ಎರಡು ಸಲ ಬಡಿದುಕೊಂಡಿತು, ಮೇಡಂ. ಎತ್ತಲು ಅಜ್ಜಿ ಬಿಡಲಿಲ್ಲ. ಏಳನೇ ಪುಟದ ಕೊನೆಯ ಸಾಲುಗಳಿಗೆ ಬರುವಾಗ ನನ್ನ ದನಿ ತಾನಾಗಿ ಇಳಿಯಿತು. ಅಲ್ಲಿ ಬರೆದಿತ್ತು: ಸಹಿ ಮಾಡಲು ಆಗದ ಅಥವಾ ಇಷ್ಟಪಡದ ಹಿರಿಯರು ತಮ್ಮ ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಕು, ಅದನ್ನು ಧ್ವನಿಮುದ್ರಿಸಿ ಒಂದಕ್ಷರವೂ ಕತ್ತರಿಸದೆ ಕಳುಹಿಸತಕ್ಕದ್ದು.

"ಅಂದ್ರೆ?" ಎಂದರು ಅಜ್ಜಿ.

"ಅಂದ್ರೆ… ಹೆಬ್ಬೆಟ್ಟು ಬೇಕಾಗಿರ್ಲಿಲ್ಲ ಅಜ್ಜಿ."

ಅಜ್ಜಿ ನಕ್ಕರು. ಅವರೆಕಾಯಿಯ ಮೊರ ಅಲುಗಾಡುವಷ್ಟು ನಕ್ಕರು. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು, ಎರಡಕ್ಕೂ ಸಮಯವಿರಲಿಲ್ಲ. ಉಳಿದ ನಾಲ್ಕು ಪುಟವನ್ನೂ ನನ್ನ ಒಪ್ಪಿಗೆ ಪತ್ರವನ್ನೂ ಪೂರ್ತಿ ಓದಿಸಿ ಕೇಳಿದ ಮೇಲೇ ಅಜ್ಜಿ ಎದ್ದರು. ಅವರ ಕೈ ಹಿಡಿದು ಬೀದಿಗೆ ಇಳಿದೆ. ಪ್ರತಿ ಮನೆಯ ಬಾಗಿಲಲ್ಲೂ ಅಜ್ಜಿ, "ಒತ್ತೋದು ಬ್ಯಾಡ್ವಂತೆ, ಬಾಯಲ್ಲಿ ಹೇಳಿದ್ರೆ ಸಾಕಂತೆ, ನಾನು ಓದಿಸಿ ಕೇಳಿವ್ನಿ" ಎಂದರು. ಎಂಟೂ ಜನ ಮರುಮಾತಿಲ್ಲದೆ ರೆಕಾರ್ಡರಿನ ಮುಂದೆ ಕೂತರು. ಕೊನೆಗೆ ಅಜ್ಜಿಯ ಸರದಿ. ಗಂಟಲು ಸರಿಮಾಡಿಕೊಂಡು ಶುರು ಮಾಡಿದರು: "ನಾನು ಪುಟ್ಟಮ್ಮ. ಈ ಹುಡುಗಿ ನಮ್ಮೂರಿನ ಕಥೆ ಬರ್ಕೊಳ್ಳಾಕೆ ನನ್ನ ಒಪ್ಗೆ ಐತೆ. ನಾನು ಕಾಗದ ಪೂರ್ತಿ ಓದಿಸಿ, ಕೇಳಿ, ಒಪ್ಪಿವ್ನಿ. ಓದ್ದೆ ಸೈನ್ ಹಾಕಿದೋಳು ನನ್ ಮೊಮ್ಮಗಳು. ಮೂರು ವಾರ ಸುಮ್ಕೆ ನನ್ ತಲೆ ತಿಂದ್ಲು. ಮೈಸೂರು ಪಾಕ್ ತಂದ್ಲು, ತುಪ್ಪ ಇರ್ಲಿಲ್ಲ."

ಕತ್ತರಿಸುವಂತಿರಲಿಲ್ಲ. ಮತ್ತೊಮ್ಮೆ ಹೇಳಿಸೋಣವೆಂದರೆ ನಾಲ್ಕೂಕಾಲು. ಆ ಬೀದಿಯಲ್ಲಿ ಇಂಟರ್‌ನೆಟ್ ಸಿಗುವುದು ಹಾಲಿನ ಡೇರಿಯ ಮೆಟ್ಟಿಲ ಮೇಲೆ ಮಾತ್ರ. ಅಲ್ಲಿ ನಿಂತು ಒಂಬತ್ತು ಫೈಲುಗಳನ್ನು ಹಾಕತೊಡಗಿದೆ. ಎಂಟು ಹೋದವು. ಅಜ್ಜಿಯದು ಅರ್ಧಕ್ಕೆ ನಿಂತಿತು. ಹಾಲು ಹಾಕಲು ಬಂದವರೆಲ್ಲ ನನ್ನ ಸುತ್ತ ನಿಂತು ಪರದೆಯ ಮೇಲೆ ತಿರುಗುವ ಚಕ್ರವನ್ನೇ ನೋಡಿದರು. ಐದಕ್ಕೆ ನಾಲ್ಕು ನಿಮಿಷ ಇರುವಾಗ ಹಸಿರು ಗುರುತು ಬಂತು. ನಾನು ಮೆಟ್ಟಿಲ ಮೇಲೆ ಕೂತು ಯಾವ ಮುಜುಗರವೂ ಇಲ್ಲದೆ ಅತ್ತೆ.

ಹದಿನೈದು ದಿನಗಳ ಮೇಲೆ ಗೈಡ್ ಮೇಡಂ ಫೋನ್ ಮಾಡಿದರು. ಕಂತು ಮಂಜೂರಾಗಿತ್ತು. "ಕಮಿಟಿಯವರು ಒಂಬತ್ತನೇ ರೆಕಾರ್ಡಿಂಗ್ ಎರಡು ಸಲ ಹಾಕಿಸ್ಕೊಂಡು ಕೇಳಿದ್ರಂತೆ" ಎಂದು ಮೇಡಂ ನಗು ತಡೆದುಕೊಂಡು ಹೇಳಿದರು. "ಒಂದು ಸಲಹೆ ಕೊಟ್ಟಿದಾರೆ. ನಿನ್ನ ನಾಲ್ಕನೇ ಅಧ್ಯಾಯದಲ್ಲಿ ಎಲ್ಲಾ ಹಳೇ ಕಾಲದ ಸಾಕ್ಷಿಗಳೇ ಇವೆ, ಇವತ್ತಿನದೂ ಒಂದು ಇರ್ಲಿ ಅಂತ."

ಈಗ ಆ ಅಧ್ಯಾಯವನ್ನು ತಿದ್ದುತ್ತಿದ್ದೇನೆ. ಇವತ್ತಿನ ಸಾಕ್ಷಿಯೂ ಒಪ್ಪಿಗೆ ಕೊಡಬೇಕು ಎಂಬುದು ನಿಯಮ. ನನ್ನ ಹೆಸರಿನ ಒಪ್ಪಿಗೆ ಪತ್ರ ಮೂರು ದಿನಗಳಿಂದ ಮೇಜಿನ ಮೇಲಿದೆ. ಸಹಿ ಹಾಕಲು ಕೈ ಏಳುತ್ತಿಲ್ಲ. ಐದನೇ ಸಲ ಓದುತ್ತಿದ್ದೇನೆ.