ವರ್ನಾಳ ನೆಲಮಾಳಿಗೆ ಒಣಗಿದ ಭಾನುವಾರ

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಒದ್ದೆ ಕಾಲುಚೀಲ. ಭಾನುವಾರ ಚರ್ಚು ಮುಗಿಸಿಕೊಂಡು ಅರ್ಲೋ ಹಾಲ್ವರ್ಸನ್, ತಾನು ಕೊಳ್ಳಲಿದ್ದ ಮನೆಯನ್ನು ಇನ್ನೊಂದು ಸಲ ಕಣ್ತುಂಬ ನೋಡಿ ಬರೋಣವೆಂದು ಹೋದ. ಬಾಗಿಲಲ್ಲಿ ಬೂಟು ಬಿಚ್ಚಿಟ್ಟ. ಮಿನೆಸೋಟಾದಲ್ಲಿ ಇನ್ನೊಬ್ಬರ ಮನೆಯೊಳಗೆ ಬೂಟುಗಾಲಲ್ಲಿ ನುಗ್ಗುವವನಿಗೆ ಯಾರೂ ಹೆಣ್ಣು ಕೊಡುವುದಿಲ್ಲ. ನೆಲಮಾಳಿಗೆಯ ಮೆಟ್ಟಿಲಿಳಿದು ನೆಲಕ್ಕೆ ಕಾಲಿಟ್ಟ. ಪಚಕ್! ಹಿಮ್ಮಡಿ ಮುಳುಗುವಷ್ಟು ನೀರು.

"ಅಮ್ಮಾ! ಇಲ್ಲಿ ಕೆರೆ ಇದೆ!" ಎಂದು ಕೂಗಿದ.

ಮೇಲೆ ಅಡುಗೆಮನೆಯಲ್ಲಿ ಪಿಂಗಾಣಿ ತಟ್ಟೆಗಳನ್ನು ಕಾಗದದಲ್ಲಿ ಸುತ್ತುತ್ತಿದ್ದ ವರ್ನಾ ಟಾಲೆಫ್ಸನ್ ಕೈ ನಿಲ್ಲಿಸಲಿಲ್ಲ. ಎಪ್ಪತ್ತೆಂಟರ ಆ ವಿಧವೆ ಮನೆ ಮಾರಿ ಅರಿಜೋನಾದ ಅಕ್ಕನ ಹತ್ತಿರ ಹೊರಟು ನಿಂತಿದ್ದಳು. "ಸ್ವಲ್ಪ ತೇವ ಆಗುತ್ತೆ ಅಂತ ಹೇಳಿದ್ದೆನಲ್ಲಪ್ಪ" ಎಂದಳು.

"ಇದು ತೇವಾನಾ? ಹೋದ ವಾರ ಬಂದಾಗ ಒಣಗಿತ್ತಲ್ಲ!"

"ಹೋದ ವಾರ ಮಳೆ ಎಲ್ಲಿತ್ತು?"

ಅರ್ಲೋ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕುಳಿತ. ಅವನ ಕಷ್ಟ ಅವನಿಗೇ ಗೊತ್ತು. ಶಾಲೆಯ ಬಸ್ಸು ಓಡಿಸುವ ಈ ಬಡಪಾಯಿ, ಹೆಂಡತಿ ಡಾರ್ಲಾಳೊಂದಿಗೆ ನಾಲ್ಕು ವರ್ಷದಿಂದ ಅತ್ತೆಯ ಮನೆಯ ನೆಲಮಾಳಿಗೆಯಲ್ಲಿ ಸಂಸಾರ ಮಾಡುತ್ತಿದ್ದ. ಮಂಚದ ಪಕ್ಕದಲ್ಲೇ ಬಟ್ಟೆ ಒಗೆಯುವ ಯಂತ್ರ. ಅತ್ತೆ ಲವೋನ್ ಬಟ್ಟೆ ಹಾಕಲು ಯಾವಾಗ ಬೇಕಾದರೂ ಇಳಿದು ಬರುವವಳು, ಬಾಗಿಲು ತಟ್ಟುವ ಅಭ್ಯಾಸವಿಲ್ಲ. "ನಾನೇನೂ ನೋಡಲಿಲ್ಲ, ನೀವು ನಿಮ್ಮ ಪಾಡಿಗೆ ಇರಿ" ಎಂದು ಹೇಳಿ ಅರ್ಧ ಗಂಟೆ ಅಲ್ಲೇ ನಿಂತು ಕಾಲುಚೀಲ ಜೋಡಿಸುವವಳು. ಸ್ವಂತ ಮನೆ, ನೆಲದ ಮೇಲಿನ ಮಲಗುವ ಕೋಣೆ, ಚಿಲಕ ಇರುವ ಬಾಗಿಲು: ಅರ್ಲೋ ದೇವರಲ್ಲಿ ಕೇಳುತ್ತಿದ್ದದ್ದು ಇಷ್ಟೇ.

ಮಾತುಕತೆ ಎಲ್ಲ ಮುಗಿದಿತ್ತು. ಡಾರ್ಲಾಳ ಸಹಿಯೊಂದು ಬಾಕಿ. ಅವಳದು ಒಂದೇ ಹಟ: "ಮಳೆ ಬಂದ ಮರುದಿನ ನೆಲಮಾಳಿಗೆ ನೋಡ್ತೀನಿ. ಒಂದು ಹನಿ ನೀರು ಕಂಡರೂ ಪೆನ್ನು ಮುಟ್ಟಲ್ಲ." ಹಿಂದಿನ ದಿನ ಮಳೆ ಸುರಿದಿತ್ತು, ಹಾಗಾಗಿ ಇವತ್ತು ಸಂಜೆ ಐದಕ್ಕೆ ಬರುವವಳಿದ್ದಳು.

ಅರ್ಲೋ ಬಕೆಟ್ಟು ಹಿಡಿದುಕೊಂಡು ಹಿತ್ತಿಲಿಗೆ ಓಡಿದ. ನಾಲ್ಕನೇ ಬಕೆಟ್ಟು ಚೆಲ್ಲುವಾಗ ಬೇಲಿಯ ಮೇಲೊಂದು ತಲೆ ಮೂಡಿತು. ಪಕ್ಕದ ಮನೆಯ ಡ್ವೇನ್, ಇನ್ನೂ ಚರ್ಚಿನ ಕೋಟಿನಲ್ಲೇ ಇದ್ದ.

"ಬುಡದಲ್ಲೇ ಚೆಲ್ತಿದ್ದೀಯಲ್ಲೋ ಮಾರಾಯ! ಅಂಗಳ ಮನೆ ಕಡೆಗೇ ವಾಲಿದೆ. ನೀನು ಹೊರಗೆ ಹಾಕಿದ ನೀರು ನಿನಗಿಂತ ಮೊದಲೇ ಒಳಗೆ ಹೋಗಿ ಕೂತಿರುತ್ತೆ."

ಅರ್ಲೋ ನೋಡಿದ. ನಿಜ. ಸೂರಿನ ನೀರಿಳಿಯುವ ಪೈಪುಗಳೂ ನೆಟ್ಟಗೆ ಗೋಡೆಯ ಬುಡಕ್ಕೇ ಬಾಯಿಟ್ಟು ನಿಂತಿದ್ದವು.

"ಕಾಲುವೆ ತೋಡಬೇಕು" ಎಂದ ಡ್ವೇನ್.

"ಕಾಲುವೆಯಂತೆ ಕಾಲುವೆ!" ಇನ್ನೊಂದು ಬೇಲಿಯಿಂದ ಗೋರ್ಡಿಯ ದನಿ. ಈತ ನಿವೃತ್ತ ಕೊಳಾಯಿ ಮೇಸ್ತ್ರಿ. ಡ್ವೇನ್ ಪೂರ್ವ ಅಂದರೆ ಈತ ಪಶ್ಚಿಮ ಅನ್ನಲೇಬೇಕು. "ಪಂಪು ಹಾಕು. ನನ್ನ ಹತ್ತಿರ ಒಂದಿದೆ. ಆನೆ ಇದ್ದ ಹಾಗಿದೆ."

ಯಾರ ಮಾತು ಮೀರುವುದಕ್ಕೂ ಅರ್ಲೋಗೆ ಧೈರ್ಯವಿಲ್ಲ. ಮೊದಲು ಪಂಪು ಬಂತು. ಅದನ್ನು ನೆಲಮಾಳಿಗೆಯಲ್ಲಿಟ್ಟು ಕೊಳವೆಯನ್ನು ಕಿಟಕಿಯಿಂದ ಹೊರಗೆ ಎಸೆದರು. ಗೋರ್ಡಿ ಗುಂಡಿ ಒತ್ತಿದ. ಕೊಳವೆ ಹುಲ್ಲಿನ ಮೇಲೆ ಎರಡು ಸಲ ಹೊರಳಾಡಿ, ತಲೆಯೆತ್ತಿ, ಡ್ವೇನನ ಕೋಟಿಗೆ ಗುರಿಯಿಟ್ಟು ಕೆಸರುನೀರು ಕಾರಿತು.

"ಬೇಕಂತಲೇ ಮಾಡಿದೆ!" ಎಂದು ಡ್ವೇನ್ ಅರಚಿದ.

"ಛೆ ಛೆ, ಬೇಕಂತ ಮಾಡಿದ್ದರೆ ಟೊಪ್ಪಿಗೇ ಹೊಡೀತಿದ್ದೆ" ಎಂದ ಗೋರ್ಡಿ.

ಪಂಪು ಒಂದು ಗಂಟೆ ಗುಡುಗಿತು. ನೀರು ಮಾತ್ರ ಒಂದು ಬೆರಳೂ ಇಳಿಯಲಿಲ್ಲ. ಕಿಟಕಿಯಿಂದ ಹೊರಟ ನೀರು ಗೋಡೆ ಬುಡದಲ್ಲಿ ಇಂಗಿ, ಒಳಗೆ ಒಸರಿ, ಮತ್ತೆ ಪಂಪಿನ ಬಾಯಿಗೇ ಬೀಳುತ್ತಿತ್ತು. ಒಂದೇ ನೀರು ಸುತ್ತು ಹೊಡೆಯುತ್ತಿತ್ತು. ಡ್ವೇನನಿಗೆ ಆ ಕೆಸರಿನಲ್ಲೂ ಎಷ್ಟು ಆನಂದವಾಯಿತೆಂದರೆ ಕೋಟು ಬಿಚ್ಚಿ ಎಸೆದು ಸಲಿಕೆ ತಂದ.

ಈಗ ಕಾಲುವೆ. ಗೋಡೆಯಿಂದ ಬೀದಿಯ ಚರಂಡಿಯವರೆಗೆ. ಈ ಕಡೆ ನೆಲ ಅಗೆಯುವ ಮೊದಲು ಅದಕ್ಕೆಂದೇ ಇರುವ ಕಚೇರಿಗೆ ಫೋನ್ ಮಾಡಿ ಕೇಳಬೇಕು. ಅವರು ಬಂದು, ಕೆಳಗೆ ಎಲ್ಲೆಲ್ಲಿ ಯಾವ ತಂತಿ, ಯಾವ ಪೈಪು ಹೂತಿದೆ ಎಂದು ಪುಟ್ಟ ಬಾವುಟ ನೆಟ್ಟು ಹೋಗುತ್ತಾರೆ. ಅದಕ್ಕೆ ಒಂದೆರಡು ದಿನ ಕಾಯಬೇಕು. ಡಾರ್ಲಾ ಐದಕ್ಕೆ ಬರುತ್ತಾಳೆ. ಅರ್ಲೋ ಕಣ್ಣುಮುಚ್ಚಿ ಸಲಿಕೆ ಹಾಕಿದ. ಬೇಲಿಯ ಹತ್ತಿರ ಏನೋ ಬೇರಿನಂಥದು ತಡೆಯಿತು. ಜೋರಾಗಿ ತುಳಿದ. ಟಪ್ಪನೆ ತುಂಡಾಯಿತು.

ಬೀದಿಯಲ್ಲಿ ಇದ್ದಕ್ಕಿದ್ದಂತೆ ಭಯಂಕರ ಮೌನ. ಅಲ್ಲಿಯವರೆಗೆ ಪ್ರತಿ ಮನೆಯ ಟಿವಿಯಿಂದಲೂ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್ ಪಂದ್ಯದ ಗದ್ದಲ ಕೇಳುತ್ತಿತ್ತು. ಅರ್ಲೋ ಸಲಿಕೆಯ ತುದಿ ನೋಡಿದ, ಗೋರ್ಡಿ ಆಕಾಶ ನೋಡಿದ.

"ಅದು ಬೇರಲ್ಲ ಕಣೋ" ಎಂದ ಗೋರ್ಡಿ. "ಅದು ಇಡೀ ಬೀದಿಯ ಟಿವಿ."

ಬಾಗಿಲುಗಳು ಒಂದೊಂದಾಗಿ ತೆರೆದವು. ತಮ್ಮ ತಂಡದ ನೇರಳೆ ಬಣ್ಣದ ಅಂಗಿ ತೊಟ್ಟವರು ಗುಂಪುಗುಂಪಾಗಿ ಹೊರಬಂದರು. ಬೇರೆ ಊರಾಗಿದ್ದರೆ ಅರ್ಲೋನ ಮೂಳೆ ಮುರಿಯುತ್ತಿತ್ತು. ಇಲ್ಲಿನವರು ಕೊಲ್ಲುವಷ್ಟು ಸಿಟ್ಟು ಬಂದಾಗಲೂ ಕ್ಷಮೆ ಕೇಳಿಯೇ ಮಾತು ತೆಗೆಯುತ್ತಾರೆ. ಎದುರುಮನೆಯ ಆಜಾನುಬಾಹು ಹಲ್ಲು ಕಚ್ಚಿಕೊಂಡು ನಕ್ಕ.

"ನಿಮ್ಮ ಕೆಲಸಕ್ಕೆ ಅಡ್ಡಿ ಮಾಡ್ತಿದ್ದೀನಿ, ತಪ್ಪು ತಿಳ್ಕೋಬೇಡಿ. ಪಂದ್ಯ ಸಮಸಮ ಇತ್ತು. ಚೆಂಡು ನಮ್ಮವರ ಕೈಲೇ ಇತ್ತು. ಪರವಾಗಿಲ್ಲ ಬಿಡಿ." ಹೇಳುವಾಗ ಅವನ ಕಣ್ಣಲ್ಲಿ ನೀರಾಡಿತು.

"ನನ್ನನ್ನು ಒದ್ದುಬಿಡಿ ಸಾರ್" ಎಂದ ಅರ್ಲೋ.

"ಅಯ್ಯೋ, ಎಲ್ಲಾದರೂ ಉಂಟೇ!" ಎಂದ ಆತ, ಒದೆಯುವ ಆಸೆ ಕಾಲಲ್ಲೇ ಇದ್ದರೂ.

ರಿಪೇರಿಯವನು ಸೋಮವಾರಕ್ಕೆ ಮುಂಚೆ ಬರುವುದಿಲ್ಲವೆಂದು ತಿಳಿಯಿತು. ಪಂದ್ಯವಿಲ್ಲದ ಭಾನುವಾರ ಏನು ಮಾಡಬೇಕೆಂದು ಆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಕೈಕಟ್ಟಿ ನಿಂತರು. ಆಮೇಲೆ ಆಜಾನುಬಾಹು ಮನೆಗೆ ಹೋಗಿ ಸಲಿಕೆ ತಂದ. ಅವನ ಹಿಂದೆ ಇನ್ನೊಬ್ಬ. ನೋಡನೋಡುತ್ತಿದ್ದಂತೆ ಹಿತ್ತಿಲ ತುಂಬ ಜನ. ಪಂದ್ಯದ ಸಿಟ್ಟನ್ನೆಲ್ಲ ಮಣ್ಣಿನ ಮೇಲೆ ತೀರಿಸಿಕೊಂಡರು. ಯಾರೋ ಜಲ್ಲಿ ಸುರಿದರು, ಯಾರೋ ಸೂರಿನ ಪೈಪಿಗೆ ಉದ್ದನೆಯ ಬಾಲ ಜೋಡಿಸಿದರು, ಗೋಡೆಯ ಬುಡಕ್ಕೆ ಮಣ್ಣು ಮೆತ್ತಿ ಇಳಿಜಾರು ಮಾಡಿದರು. ಹೆಂಗಸರು ಆಲೂಗಡ್ಡೆ ಹೊದಿಸಿ ಬೇಯಿಸಿದ ಬಿಸಿಬಿಸಿ ಹಾಟ್‌ಡಿಶ್ ತಂದು ಕಾರಿನ ಬಾನೆಟ್ಟಿನ ಮೇಲಿಟ್ಟರು. ಗೋರ್ಡಿಯ ಪಂಪಿನ ಕೊಳವೆಯನ್ನು ಡ್ವೇನನ ಕಾಲುವೆಗೇ ಬಿಟ್ಟಾಗ ನೀರು ಸರಸರನೆ ಇಳಿಯಿತು, ಉಳಿದ ತೇವವನ್ನು ಬಟ್ಟೆಯಿಂದ ಒರೆಸಿ ಫ್ಯಾನು ಹಚ್ಚಿದರು. ಇಬ್ಬರೂ ತಾನೇ ಗೆದ್ದೆನೆಂದು ಬೀಗಿದರು.

ನಾಲ್ಕೂವರೆಗೆ ಮತ್ತೆ ಮಳೆ ಸುರಿಯಿತು. ಅರ್ಲೋ ನೆಲಮಾಳಿಗೆಯಲ್ಲಿ ಮಂಡಿಯೂರಿ ಗೋಡೆಯನ್ನೇ ದಿಟ್ಟಿಸಿದ. ಹೊರಗೆ ನೀರು ಕಾಲುವೆಯಲ್ಲಿ ಭೋರೆಂದು ಬೀದಿಗೆ ಹರಿಯಿತು. ಒಳಗೆ ಒಂದು ಹನಿಯೂ ಇಲ್ಲ! ಜನ ಮಳೆಯಲ್ಲೇ ಕುಣಿದರು.

ಐದಕ್ಕೆ ಡಾರ್ಲಾ ಬಂದಳು. ಬೂಟು ಬಿಚ್ಚಿ ಕೆಳಗಿಳಿದಳು. ಮೂಲೆಮೂಲೆಗೆ ಅಂಗೈ ಒತ್ತಿ ನೋಡಿದಳು, ಗೋಡೆ ಮೂಸಿದಳು, ಕೊನೆಗೆ ನೆಲದ ಮೇಲೆ ಕೂತೇಬಿಟ್ಟಳು. ಎದ್ದು ಸ್ಕರ್ಟು ಮುಟ್ಟಿ ನೋಡಿಕೊಂಡಾಗ ಒಣಗಿಯೇ ಇತ್ತು.

"ಅರ್ಲೋ, ಪೆನ್ನು ಕೊಡು" ಎಂದಳು.

ಅರ್ಲೋಗೆ ಅಳು ಬಂತು. ಕೆಸರು ಮೆತ್ತಿದ ಕೈಯಲ್ಲೇ ಜೇಬು ತಡಕಾಡಿ ಪೆನ್ನು ತೆಗೆದ.

ಅಷ್ಟರಲ್ಲಿ ವರ್ನಾ ಪಕ್ಕದ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಳಿದು ಬಂದಳು. ಸುತ್ತ ನೋಡಿದಳು. ಒಣ ನೆಲದ ಮೇಲೆ ಮೆಲ್ಲಗೆ ಕಾಲಾಡಿಸಿದಳು.

"ನನ್ನ ಹೆರಾಲ್ಡ್ ಬದುಕಿರೋವರೆಗೂ 'ಮುಂದಿನ ವರ್ಷ ಸರಿ ಮಾಡ್ತೀನಿ' ಅಂತಲೇ ಇದ್ದ" ಎಂದು ಕಣ್ಣೊರೆಸಿಕೊಂಡಳು. "ನೀರು ಹೊತ್ತೂ ಹೊತ್ತೂ ಸೊಂಟ ಬಿದ್ದುಹೋಗಿ ಮನೆ ಮಾರೋಕೆ ಹೊರಟೆ. ಇಲ್ಲದಿದ್ದರೆ ಆ ಅಕ್ಕನ ಜೊತೆ ಯಾರು ಇರ್ತಾರೆ? ಅವಳ ನಾಲಗೆಗಿಂತ ಅಲ್ಲಿನ ಹಾವು ಮೇಲು." ಆಮೇಲೆ ಅರ್ಲೋನ ಕೆನ್ನೆ ತಟ್ಟಿದಳು. "ದೇವರು ನಿನ್ನ ಚೆನ್ನಾಗಿಟ್ಟಿರಲಿ ಮಗು. ನಾನಿನ್ನು ಎಲ್ಲೂ ಹೋಗಲ್ಲ."

ಅರ್ಲೋನ ಕೈಯಿಂದ ಪೆನ್ನು ಜಾರಿತು. "ಅಮ್ಮಾ! ಮನೆ ಕೊಡ್ತೀನಿ ಅಂತ ಮಾತು ಕೊಟ್ಟಿದ್ರಿ!"

"ಕೊಟ್ಟಿದ್ದೆ, ಇಲ್ಲ ಅನ್ನಲ್ಲ. ನೀರು ನುಗ್ಗೋ ಮನೆ ಕೊಡ್ತೀನಿ ಅಂದಿದ್ದೆ. ಆ ಮನೆ ಈಗ ಎಲ್ಲಿದೆ ತೋರಿಸು?"

ಸುದ್ದಿ ಮೇಲಕ್ಕೆ ಮುಟ್ಟಿದ್ದೇ ತಡ, ಹಿತ್ತಿಲಲ್ಲಿ ಹೋ ಎಂದು ಕೇಕೆ. ವರ್ನಾ ಉಳಿದಳು! ಡ್ವೇನ್ ಮತ್ತು ಗೋರ್ಡಿ ಜನ್ಮದಲ್ಲಿ ಮೊದಲ ಸಲ ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಆಜಾನುಬಾಹು ಕಿಟಕಿಯಿಂದ ತಲೆ ತೂರಿಸಿ, "ಉಪಕಾರ ಆಯ್ತು ಸಾರ್, ಟಿವಿ ಹೋದರೂ ಚಿಂತಿಲ್ಲ" ಎಂದ.

ವರ್ನಾಗೆ ಅರ್ಲೋನ ಮುಖ ನೋಡಿ ಕರುಳು ಚುರ್ ಎಂದಿತು. "ಅಷ್ಟು ಬೇಜಾರು ಮಾಡ್ಕೋಬೇಡಪ್ಪ. ನಾನು ಒಂಟಿ ಮುದುಕಿ, ನನಗೆ ಮೇಲಿನ ಮನೆಯೇ ಸಾಕು. ಈ ನೆಲಮಾಳಿಗೆ ಹೇಗೂ ಒಣಗಿದೆ. ಬೇಕಾದ್ರೆ ಬಾಡಿಗೆಗೆ ಬನ್ನಿ."

ಅರ್ಲೋ ಬೇಡವೆನ್ನಲು ಬಾಯಿ ತೆರೆದ. ಅಷ್ಟರಲ್ಲಿ ಡಾರ್ಲಾ ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿ ಅಳೆಯಲು ಶುರುಮಾಡಿಯಾಗಿತ್ತು.

"ಇಲ್ಲಿ ಎರಡು ಕಿಟಕಿ ಇದೆ ಕಣೋ" ಎಂದಳು. "ನಮ್ಮಮ್ಮನ ನೆಲಮಾಳಿಗೇಲಿ ಒಂದೇ."